ಇಸಿಲದವರಿಗೆ ಯಾವ ಬಣ್ಣ?

ಕಳೆದ ದಸರಾ ರಜೆಗೆ ಅಕ್ಕನ ಮಗ ನಮ್ಮ ಮನೆಗೆ ಬಂದಿದ್ದ. ಹನ್ನೆರಡು ವರ್ಷದ ಹುಡುಗ. ಕಂಪ್ಯೂಟರಿನ ಮುಂದೆ ಕುಳಿತರೆ ಊಟಕ್ಕೆ ನಾಲ್ಕು ಸಲ ಕೂಗಬೇಕು. ಎಂಟು ತಿಂಗಳಿನಿಂದ ರಾತ್ರಿ ಹೊತ್ತು ನಾನೊಬ್ಬನೇ ಕುಟ್ಟುತ್ತಿದ್ದ ಮಾಡ್ ಅನ್ನು, ಎಂದರೆ ಇನ್ನೊಬ್ಬರ ಕಂಪ್ಯೂಟರ್ ಆಟವನ್ನು ಬದಲಿಸಿ ಕಟ್ಟಿದ್ದನ್ನು, ಮೊದಲ ಬಾರಿಗೆ ಇನ್ನೊಬ್ಬರ ಕೈಗೆ ಕೊಟ್ಟದ್ದು ಆವತ್ತು. ಅವನು ಮೌರ್ಯರನ್ನು ಆರಿಸಿಕೊಂಡ, ಆನೆಗಳನ್ನು ಮುಂದೆ ಬಿಟ್ಟ, ಬಂಡೆಗುಡ್ಡದ ಬುಡದಲ್ಲಿ ನಾನು ಜತನದಿಂದ ಹರಡಿದ್ದ ಗುಡಿಸಲುಗಳ ಹತ್ತಿರಕ್ಕೆ ಬಂದ. ಅಲ್ಲಿ ಹೆಂಗಸರು ಗಂಡಸರು ಸೇರಿ ಹತ್ತು ಹನ್ನೆರಡು ಜನ ತಮ್ಮ ಪಾಡಿಗೆ ಅಡ್ಡಾಡಿಕೊಂಡಿದ್ದರು. "ಮಾಮಾ, ಈ ಬಿಳಿ ಬಣ್ಣದವರು ಯಾರ ಕಡೆಯವರು?" ಎಂದು ಕೇಳಿದ. ಯಾರ ಕಡೆಯವರೂ ಅಲ್ಲ, ಊರಿನವರು ಎಂದೆ. "ಹಾಗಾದರೆ ಕೊಲ್ಲಬಹುದೇ?" ನಾನು ಬಾಯಿ ತೆರೆಯುವ ಮೊದಲೇ ಅವನ ಸವಾರರು ನುಗ್ಗಿಯಾಗಿತ್ತು. ಊರಿನವರು ದಿಕ್ಕಾಪಾಲಾಗಿ ಓಡಿದರು. ಒಬ್ಬಳು ಬಿದ್ದಳು. ಹುಡುಗ ಮೌಸನ್ನು ಅವಳ ಮೇಲೆ ತಂದ. ಬಾಣದ ಗುರುತು ಮಾಯವಾಗಿ ಆ ಜಾಗದಲ್ಲಿ ಮಾಂಸದ ಚಿತ್ರ ಮೂಡಿತು. ಕೆಳಗೆ ಬರೆದಿತ್ತು: ಆಹಾರ, 100.

ಹುಡುಗ ಬಿದ್ದು ಬಿದ್ದು ನಕ್ಕ. ಆ ಕ್ಷಣಕ್ಕೆ ನನಗೂ ನಗು ಬಂತು, ಏಕೆಂದರೆ ತಪ್ಪು ಎಲ್ಲಿದೆ ಎಂದು ಕೂಡಲೇ ಹೊಳೆದಿತ್ತು. ಈ ಆಟದಲ್ಲಿ ಮನುಷ್ಯರು ಅಪ್ಪಣೆಯಿಲ್ಲದೆ ಕದಲುವುದಿಲ್ಲ, ನಿಲ್ಲಿಸಿದಲ್ಲಿ ಕಂಬದಂತೆ ನಿಲ್ಲುತ್ತಾರೆ. ಊರೆಂದ ಮೇಲೆ ಜನ ಸುಮ್ಮನೆ ಆಚೀಚೆ ಓಡಾಡಬೇಡವೇ? ಅಡ್ಡಾಡುವ ಗುಣ ಯಾರಿಗಿದೆ ಎಂದು ಹುಡುಕಿದರೆ ಅದು ಕಾಡುಪ್ರಾಣಿಗಳ ಪಾಲಾಗಿತ್ತು. ಜಿಂಕೆಯ ಕಡತವನ್ನು ನಕಲು ಮಾಡಿ, ಜಿಂಕೆಯ ಮೈ ತೆಗೆದು ಹೆಂಗಸಿನ ಮೈ ಹಾಕಿ, ಹೆಸರು ಬದಲಿಸಿ ಮಲಗಿದ್ದೆ. ರಾತ್ರಿ ಒಂದೂವರೆಗೆ ಮಾಡುವ ಕೆಲಸಗಳ ಹಣೆಬರಹವೇ ಇಷ್ಟು. ಜಿಂಕೆಯ ಉಳಿದ ಗುಣಗಳೆಲ್ಲ ಹಾಗೆಯೇ ಉಳಿದುಕೊಂಡಿದ್ದವು: ಯಾರಾದರೂ ಬಂದರೆ ಬೆದರಿ ಓಡುವುದು, ಸತ್ತ ಮೇಲೆ ನೂರು ಆಹಾರವಾಗುವುದು. ಕೆಲವು ಸಾಲು ಅಳಿಸಿದರೆ ಸರಿಹೋಗುವಂಥದ್ದು. ಅಳಿಸಿದೆ. ಹುಡುಗ ಮೊದಲು ಕೇಳಿದ್ದನಲ್ಲ, ಇವರು ಯಾರ ಕಡೆಯವರು ಎಂದು, ಅದನ್ನು ಅಳಿಸಲು ಆಗಲಿಲ್ಲ. ಅವರು ಬಿಳಿ ಬಣ್ಣದಲ್ಲಿದ್ದದ್ದು ತಪ್ಪಿನಿಂದಲ್ಲ. ಅದನ್ನು ನಾನೇ, ಹಾಡುಹಗಲೇ, ಎಚ್ಚರವಾಗಿದ್ದಾಗಲೇ ಆರಿಸಿದ್ದೆ.

ಸೊನ್ನೆಯ ಆಟಗಾರ

ಮಾಡ್ ಎಂಬ ಪದ ಕನ್ನಡದ ಬಾಯಿಗೆ ಚೆನ್ನಾಗಿ ಹೊಂದುತ್ತದೆ. 'ಮಾಡು' ಎಂಬುದರ ಕೊನೆಯ ಉಕಾರ ಉದುರಿಸಿದಂತೆ, ಅರ್ಧ ಮಾಡಿ ಬಿಟ್ಟಂತೆ. ಯಾರೋ ಕಟ್ಟಿದ ಆಟವನ್ನು ಬಿಚ್ಚಿ, ನಮಗೆ ಬೇಕಾದ್ದನ್ನು ಸೇರಿಸಿ, ಬೇಡವಾದ್ದನ್ನು ಕಿತ್ತು ಮತ್ತೆ ಹೊಲಿಯುವ ಕೆಲಸ. ನಾನು ಬಿಚ್ಚಿಕೊಂಡು ಕುಳಿತದ್ದು 0 ಎ.ಡಿ. ಎಂಬ ಆಟವನ್ನು. ಅದೂ ಹುಟ್ಟಿದ್ದು ಮಾಡ್ ಆಗಿಯೇ. 'ಏಜ್ ಆಫ್ ಎಂಪೈರ್ಸ್' ಎರಡನೆಯ ಭಾಗವನ್ನು ಪ್ರಾಚೀನ ಕಾಲಕ್ಕೆ ತಿರುಗಿಸಲು ಹೊರಟ ಹವ್ಯಾಸಿಗಳು ಅದು ಸಾಲದೆಂದು 2003ರ ಸುಮಾರಿಗೆ ಸ್ವಂತ ಆಟವನ್ನೇ ಕಟ್ಟತೊಡಗಿದರು. 2009ರಲ್ಲಿ ಅದರ ಮೂಲಸಂಕೇತವನ್ನು ಎಲ್ಲರಿಗೂ ತೆರೆದಿಟ್ಟರು. ಹೆಸರಿನಲ್ಲಿರುವ ವರ್ಷ ಯಾವ ಪಂಚಾಂಗದಲ್ಲೂ ಇಲ್ಲ. ಕ್ರಿ.ಪೂ. 1 ಮುಗಿದರೆ ನೇರ ಕ್ರಿ.ಶ. 1. ಇರದೇ ಇದ್ದ ವರ್ಷದ ಹೆಸರಿನ ಆಟದಲ್ಲಿ ರೋಮನರು, ಕಾರ್ಥೇಜಿನವರು, ಸ್ಪಾರ್ಟಾದವರು, ಪರ್ಷಿಯನರು, ಕುಶೈಟರು ಎಲ್ಲರೂ ಹೊಡೆದಾಡುತ್ತಾರೆ. ಅವರ ನಡುವೆ ಮೌರ್ಯರೂ ಇದ್ದಾರೆ. ಚಿಕ್ಕಂದಿನಲ್ಲಿ ಬಳ್ಳಾರಿಯ ಸೈಬರ್ ಕೆಫೆಯಲ್ಲಿ ಗಂಟೆಗೆ ಹದಿನೈದು ರೂಪಾಯಿ ಕೊಟ್ಟು 'ಏಜ್ ಆಫ್ ಎಂಪೈರ್ಸ್' ಆಡುತ್ತಿದ್ದವನು ನಾನು. ಅದರ ಹನ್ನೆರಡು ನಾಗರಿಕತೆಗಳಲ್ಲಿ ಭಾರತದ್ದು ಒಂದೂ ಇರಲಿಲ್ಲ. ಇರಬೇಕಿತ್ತು ಎಂದು ಆಗ ಅನ್ನಿಸಿಯೂ ಇರಲಿಲ್ಲ. 0 ಎ.ಡಿ.ಯಲ್ಲಿ ಅಶೋಕನನ್ನು ಕಂಡಾಗ ಮಾತ್ರ ಒಂದು ಆಸೆ ಹುಟ್ಟಿತು. ಅಶೋಕನ ಮಾತು ನಮ್ಮ ಅಜ್ಜಿಯ ಊರಿನ ಪಕ್ಕದ ಬ್ರಹ್ಮಗಿರಿಯ ಬಂಡೆಯ ಮೇಲಿದೆ. ಆ ಬಂಡೆಯನ್ನು ಆಟದೊಳಗೆ ತರಬೇಕು.

ನಕ್ಷೆ ಬಿಡಿಸುವಾಗ ಪ್ರತಿಯೊಂದು ವಸ್ತುವೂ ಯಾರದು ಎಂದು ಆಟಕ್ಕೆ ಹೇಳಲೇಬೇಕು. ಒಂದನೆಯ ಆಟಗಾರ ನೀಲಿ, ಎರಡನೆಯವನು ಕೆಂಪು, ಹೀಗೆ. ಯಾರದೂ ಅಲ್ಲದ್ದು ಸೊನ್ನೆಯ ಆಟಗಾರನದು. ಅವನ ಹೆಸರು ಗಾಯಾ, ಗ್ರೀಕರ ಭೂದೇವಿ; ಬಣ್ಣ ಬಿಳಿ. ಮರ, ಬಂಡೆ, ಜಿಂಕೆ, ಮೀನು, ಕಾಡುಹಣ್ಣಿನ ಪೊದೆ ಎಲ್ಲ ಗಾಯಾಳ ಸ್ವತ್ತು, ಎಂದರೆ ಮೊದಲು ಬಂದವನು ಕಡಿದುಕೊಳ್ಳಬಹುದಾದ ಸ್ವತ್ತು. ಮೌರ್ಯರು ಬಂದಾಗ ಬ್ರಹ್ಮಗಿರಿಯ ಸುತ್ತ, ಶಾಸನ ಇಸಿಲ ಎಂದು ಕರೆಯುವ ಊರಿನಲ್ಲಿ, ಯಾರಿದ್ದರು ಎಂಬ ಪ್ರಶ್ನೆ ಎದುರಾದಾಗ ನಾನು ಮಾಡಿದ್ದು ಇದನ್ನೇ. ಅವರಿಗೆ ರಾಜನ ಹೆಸರಿಲ್ಲ, ಸೈನ್ಯದ ವಿವರವಿಲ್ಲ, ಆಟಗಾರ ಎನ್ನಲು ಬೇಕಾದ ಸಾಮಗ್ರಿಯೇ ಇಲ್ಲ. ಹಾಗಾಗಿ ಸೊನ್ನೆ. ಜಿಂಕೆಯ ಕಡತ ನಕಲು ಮಾಡಿದ್ದು ಆಮೇಲಿನ ಮಾತು. ಜಿಂಕೆಯ ಪಕ್ಕದಲ್ಲಿ ಅವರನ್ನು ಅದಾಗಲೇ ನಿಲ್ಲಿಸಿಬಿಟ್ಟಿದ್ದೆ.

ನನ್ನ ಮರ್ಯಾದೆಗೆಂದು ಒಂದು ಮಾತು ಸೇರಿಸುತ್ತೇನೆ: ಹಾಗೆ ಮಾಡಿದವನು ನಾನೊಬ್ಬನೇ ಅಲ್ಲ. ಶಾಲೆಯ ಗೋಡೆಯ ಮೇಲಿನ ಮೌರ್ಯ ಸಾಮ್ರಾಜ್ಯದ ನಕ್ಷೆ ನೆನಪಿದೆಯೇ? ಬಣ್ಣ ಬಳಿದ ಭಾಗ ಪೂರ್ತಿ ಒಂದೇ ಬಣ್ಣ, ಪಾಟಲಿಪುತ್ರದಿಂದ ಚಿತ್ರದುರ್ಗದವರೆಗೆ. ಚಿತ್ರದುರ್ಗದ ಕೆಳಗೆ ಚೋಳ, ಪಾಂಡ್ಯ, ಸತಿಯಪುತ್ರ, ಕೇರಳಪುತ್ರ ಎಂದು ಹೆಸರುಗಳು, ಏಕೆಂದರೆ ಅಶೋಕ ತನ್ನ ಶಾಸನದಲ್ಲಿ ಅವರನ್ನು ಹೆಸರಿಸಿದ್ದಾನೆ. ಗಡಿಯ ಆಚೆ ಇದ್ದವರಿಗೆ ಹೆಸರು ಸಿಕ್ಕಿತು. ಗಡಿಯ ಒಳಗೆ ಇದ್ದವರಿಗೆ ಬಣ್ಣ ಮಾತ್ರ.

ಬಂಡೆಯನ್ನು ಕಟ್ಟುವುದು ಹೇಗೆ?

ಆಟದ ಮೌರ್ಯರಿಗೆ ಅಶೋಕಸ್ತಂಭ ಇದೆ. ಕೆಲಸಗಾರರನ್ನು ಕಳಿಸಿ ಕಟ್ಟಿಸಬಹುದು. ಕಟ್ಟಿದ ಮೇಲೆ ಸುತ್ತಲಿನ ಸ್ವಂತ ಜನರಿಗೆ ಒಂದಿಷ್ಟು ಅನುಕೂಲ. ಚೆಂದವಾಗಿಯೂ ಇದೆ. ಆದರೆ ಕರ್ನಾಟಕದಲ್ಲಿ ಅಶೋಕನ ಸ್ತಂಭ ಒಂದೂ ಸಿಕ್ಕಿಲ್ಲ. ಮಸ್ಕಿ, ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ನಿಟ್ಟೂರು, ಉಡೇಗೋಳ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಎಲ್ಲವೂ ಇದ್ದಲ್ಲೇ ಇದ್ದ ಬಂಡೆಗಳು. ಸನ್ನತಿಯದೊಂದು ಚಪ್ಪಡಿ, ಅದು ದೇವಸ್ಥಾನದಲ್ಲಿ ವಿಗ್ರಹಕ್ಕೆ ಪೀಠವಾಗಿದ್ದು 1986ರಲ್ಲಿ ಚಾವಣಿ ಕುಸಿದಾಗ ಬೆಳಕಿಗೆ ಬಂತು. ಸ್ತಂಭವನ್ನು ಎಲ್ಲಿ ಬೇಕೋ ಅಲ್ಲಿಗೆ ಸಾಗಿಸಿ ನಿಲ್ಲಿಸಬಹುದು. ಬಂಡೆ ಇರುವಲ್ಲಿಗೆ ನಾವೇ ಹೋಗಬೇಕು. ಈ ವ್ಯತ್ಯಾಸ ನನಗೆ ಪುಸ್ತಕ ಓದುವಾಗ ಎಂದೂ ಮುಖ್ಯ ಎನಿಸಿರಲಿಲ್ಲ. ಆಟದಲ್ಲಿ ಕಟ್ಟಡಕ್ಕೊಂದು ಬೆಲೆ, ಕಟ್ಟುವ ಅವಧಿ, ಕಟ್ಟುವವರು ಎಲ್ಲವನ್ನೂ ತುಂಬಬೇಕು. ಬಂಡೆಗೆ ಏನನ್ನು ತುಂಬುವುದು? ಅದನ್ನು ಯಾರೂ ಕಟ್ಟಿಲ್ಲ.

ಮೊದಲ ಉಪಾಯ ಸರಳವಾಗಿತ್ತು. ಗಾಯಾಳ ಬಂಡೆಯೊಂದನ್ನು ತೆಗೆದುಕೊಂಡು ಅದರ ಮೈಮೇಲೆ ಅಕ್ಷರಗಳ ಚಿತ್ರ ಮೆತ್ತಿದೆ. ನೋಡಲು ಚೆನ್ನಾಗಿಯೇ ಬಂತು. ಬೆಳಗಿನ ಬೆಳಕು ಹಾಕಿದರೆ ನಿಜವಾದ ಕಣಶಿಲೆಯ ಹಾಗೆ ಮಿನುಗುತ್ತಿತ್ತು. ಆಟದಲ್ಲಿ ಕಂಪ್ಯೂಟರಿನ ಪರವಾಗಿ ಆಡುವ ಬುದ್ಧಿಗೆ ಪೆತ್ರಾ ಎಂದು ಹೆಸರು. ಗ್ರೀಕಿನಲ್ಲಿ ಪೆತ್ರಾ ಎಂದರೆ ಬಂಡೆಯೇ. ಪೆತ್ರಾಳನ್ನು ಎದುರಾಳಿಯಾಗಿ ಬಿಟ್ಟು ಆಟ ಶುರುಮಾಡಿ ಚಹಾ ಮಾಡಲು ಹೋದೆ. ಬಂದು ನೋಡಿದರೆ ಅವಳ ಐದು ಜನ ಕೆಲಸಗಾರರು ಶಾಸನದ ಸುತ್ತ ನಿಂತು ಉಳಿ ಸುತ್ತಿಗೆ ಹಿಡಿದು ಕಲ್ಲು ಒಡೆಯುತ್ತಿದ್ದರು. 5,000 ಇದ್ದ ಕಲ್ಲು ನಾಲ್ಕು ಸಾವಿರದ ಕೆಳಗೆ ಇಳಿದಿತ್ತು. ಪಕ್ಕದಲ್ಲೇ ಉಗ್ರಾಣವನ್ನೂ ಕಟ್ಟಿಕೊಂಡಿದ್ದಳು, ಹೊರುವ ದೂರ ಕಡಿಮೆಯಾಗಲಿ ಎಂದು. ಅವಳದೇನೂ ತಪ್ಪಿಲ್ಲ. ಗಾಯಾಳ ಬಂಡೆ ಎಂದರೆ ಕಲ್ಲಿನ ಗಣಿ. ನಮ್ಮ ಸೀಮೆಯಲ್ಲಿ ಹೆದ್ದಾರಿಯ ಎರಡೂ ಬದಿಗೆ ಅರ್ಧ ಕತ್ತರಿಸಿದ ಲಾಡಿನಂತೆ ನಿಂತ ಗುಡ್ಡಗಳನ್ನು ನೋಡುತ್ತ ಬೆಳೆದವನಿಗೆ ಅದು ಹೊಸ ದೃಶ್ಯವೂ ಆಗಿರಲಿಲ್ಲ. ಕೊನೆಯವರೆಗೂ ನೋಡುತ್ತ ಕುಳಿತೆ. ಕಲ್ಲು ಸೊನ್ನೆಗೆ ಬಂದಾಗ ಅಶೋಕನ ಶಾಸನ ಸದ್ದಿಲ್ಲದೆ ಮಾಯವಾಯಿತು. ಕೆಲಸಗಾರರು ಪಕ್ಕದ ಬಂಡೆಗೆ ಹೋದರು.

ಕೊನೆಗೆ ಹೂಡಿದ ತಂತ್ರ ಹೀಗಿದೆ. ಬಂಡೆಯಿಂದ ಕಲ್ಲು ಕೊಡುವ ಗುಣ ಕಿತ್ತುಹಾಕಿದೆ. ಆಟದಲ್ಲಿ ಎದುರಾಳಿಯ ಕಟ್ಟಡವನ್ನು ಕೆಡವದೆ ವಶಪಡಿಸಿಕೊಳ್ಳುವ ಸೌಲಭ್ಯವಿದೆ. ಆ ಗುಣವನ್ನು ಬಂಡೆಗೆ ಹಚ್ಚಿದೆ. ಸೈನಿಕರು ಬಂಡೆಯನ್ನು ಸುತ್ತುವರಿದು ವಶ ಮಾಡಿಕೊಂಡರೆ ಆಮೇಲೆ ಅದನ್ನು ಬೆಲೆ ಕೊಟ್ಟು ಮೇಲ್ದರ್ಜೆಗೆ ಏರಿಸಬಹುದು, ಬರಿಯ ಬಂಡೆ ಬರೆದ ಬಂಡೆಯಾಗುತ್ತದೆ. ಇದನ್ನು ಮಾಡಿ ಮುಗಿಸಿದ ಮೇಲೆಯೇ ನಾನು ಏನು ಹೇಳಿಬಿಟ್ಟೆ ಎಂದು ತಿಳಿದದ್ದು. ಬರೆಯುವ ಮೊದಲು ಹಿಡಿಯಬೇಕು. ದಯೆ, ಸತ್ಯ, ಹಿರಿಯರ ಸೇವೆ ಎಂದು ಬರೆಯುವುದಕ್ಕೂ ಮೊದಲು ಸೈನಿಕರು ಬೇಕು. ಇತಿಹಾಸದ ಬಗ್ಗೆ ಅಂಥ ವಾದ ಹೂಡುವ ಇರಾದೆ ನನಗಿರಲಿಲ್ಲ. ಆಟದ ಎಂಜಿನ್‌ನಲ್ಲಿ ಬೇರೆ ದಾರಿ ಇರಲಿಲ್ಲ, ಅಷ್ಟೇ. ಆದರೆ ಆ ವಾದವನ್ನು ತಳ್ಳಿಹಾಕಲು ಕಾರಣವೂ ಸಿಗಲಿಲ್ಲ.

(ಮಸ್ಕಿಯ ವಿಷಯಕ್ಕೆ ಇನ್ನೊಂದು. ಅಲ್ಲಿನ ಶಾಸನವನ್ನು 1915ರಲ್ಲಿ ಕಂಡವನು ಸಿ. ಬೀಡನ್, ಚಿನ್ನದ ಗಣಿಯ ಎಂಜಿನಿಯರ್. 'ದೇವಾನಾಂಪಿಯ' ಎಂದಷ್ಟೇ ಗೊತ್ತಿದ್ದ ರಾಜನಿಗೆ ಶಾಸನದಲ್ಲೇ ಅಶೋಕ ಎಂಬ ಹೆಸರು ಸಿಕ್ಕಿದ್ದು ಅಲ್ಲಿಂದ. ಚಿನ್ನ ಹುಡುಕುವವರು ಅಲ್ಲಿಗೆ ಬರುವುದು ಹೊಸದೇನಲ್ಲ. ಅಶೋಕನ ದಕ್ಷಿಣದ ಆಡಳಿತ ಕೇಂದ್ರದ ಹೆಸರೇ ಸುವರ್ಣಗಿರಿ. ಆಟದಲ್ಲಿ ಮಾತ್ರ ಚಿನ್ನ ಕಬ್ಬಿಣ ಎರಡೂ ಒಂದೇ, 'ಲೋಹ'.)

ಅಕ್ಷರಗುಂಡು

ಜಿಂಕೆಯ ಪ್ರಸಂಗ ನಡೆದು ಮೂರು ತಿಂಗಳ ನಂತರ, ಸಂಕ್ರಾಂತಿಯ ಹಿಂದಿನ ವಾರ, ಅಜ್ಜಿಯ ಊರಿಗೆ ಹೋದವನು ಬೈಕ್ ತೆಗೆದುಕೊಂಡು ಬ್ರಹ್ಮಗಿರಿಗೆ ಹೋದೆ. ಮೊಳಕಾಲ್ಮೂರು ತಾಲ್ಲೂಕು, ಹೊರಗಿನವರಿಗೆ ಸೀರೆಯಿಂದ ಗೊತ್ತು, ನಮಗೆ ಶೇಂಗಾದಿಂದ ಮತ್ತು ಬಾರದ ಮಳೆಯಿಂದ. ಬಂಡೆಯ ಸುತ್ತ ಗೋಡೆ ಎಬ್ಬಿಸಿ ಬೀಗ ಹಾಕಿದ್ದಾರೆ. ಬೀಗದ ಕೈ ಇದ್ದವರನ್ನು ಹುಡುಕಿ ಕರೆತರಲು ಮುಕ್ಕಾಲು ಗಂಟೆ ಹಿಡಿಯಿತು. ಹೊಲದಲ್ಲಿದ್ದ ಹಿರಿಯರು, ಕೈಯ ಮಣ್ಣು ಲುಂಗಿಗೆ ಒರೆಸಿಕೊಳ್ಳುತ್ತ ಬಂದರು. "ಅಕ್ಷರಗುಂಡು ನೋಡಬೇಕೇ?" ಎಂದರು. ಶಾಸನ ಹುಡುಕುತ್ತಿದ್ದ ಬಿ.ಎಲ್. ರೈಸ್ 1892ರಲ್ಲಿ ಇಲ್ಲಿಗೆ ಬಂದಾಗಲೂ ಊರಿನವರು ಹೇಳಿದ ಹೆಸರು ಅದೇ. ಓದಲು ಯಾರಿಗೂ ಬರುತ್ತಿರಲಿಲ್ಲ, ಆದರೆ ಅದು ಅಕ್ಷರವೆಂದು ಎಲ್ಲರಿಗೂ ಗೊತ್ತಿತ್ತು. ಹತ್ತಿರದ ಜಟಿಂಗ ರಾಮೇಶ್ವರ ಬೆಟ್ಟದ ಶಾಸನಕ್ಕೆ ಬಳೆಗಾರರ ಗುಂಡು ಎಂದು ಹೆಸರು. ಅಲ್ಲಿ ಅಕ್ಷರಗಳು ಬಹುಪಾಲು ಸವೆದುಹೋಗಿವೆ.

ಒಳಗೆ ಕತ್ತಲು. ಬಾಗಿಲಿನಿಂದ ಓರೆಯಾಗಿ ಬಂದ ಬಿಸಿಲು ಬಂಡೆಯ ಮೇಲೆ ಬಿದ್ದಾಗ ಅಕ್ಷರಗಳು ಒಂದೊಂದಾಗಿ ಎದ್ದವು. ಹದಿಮೂರು ಸಾಲು. ಅವುಗಳ ಫೋಟೋ, ಅಚ್ಚು, ಲಿಪ್ಯಂತರ ಎಲ್ಲವನ್ನೂ ತಿಂಗಳುಗಟ್ಟಲೆ ನೋಡಿದ್ದೆ. ಆಟದ ಬಂಡೆಗೆ ಮೆತ್ತಿದ್ದು ಅದನ್ನೇ. ಆದರೂ ಎದುರಿಗೆ ಕಂಡಾಗ ಮೊದಲು ಮನಸ್ಸಿಗೆ ಬಂದದ್ದು ಅಕ್ಷರಗಳು ಎಷ್ಟು ಸಣ್ಣವು ಎಂದು. ನನ್ನ ಆಟದಲ್ಲಿ ಅವು ಆನೆಯ ಮೇಲಿನಿಂದಲೂ ಓದಲು ಬರುವಷ್ಟು ದಪ್ಪವಾಗಿವೆ. ಇಲ್ಲಿ ಮೊಣಕಾಲೂರಿ ಕೂರಬೇಕು. ಹಿರಿಯರು ನನ್ನ ಹಿಂದೆ ನಿಂತು ಕೇಳಿದರು: "ಬಹಳ ಜನ ಬಂದು ನೋಡುತ್ತಾರೆ. ಏನು ಬರೆದಿದೆ ಇದರಲ್ಲಿ?" ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ಇದು ಹಳೆಯ ಕಾಲದಿಂದ ಬಂದ ರೀತಿ ಎಂದು ಬರೆದಿದೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನು ಹೇಳಲು ಅಷ್ಟು ದೂರದಿಂದ ಬಂದರೇ?" ಎಂದರು. ಅಣಕವೇನೂ ಇರಲಿಲ್ಲ ಅದರಲ್ಲಿ. ನಿಜವಾಗಿಯೂ ತಿಳಿಯಬೇಕು ಎಂದು ಕೇಳಿದ್ದರು. ಇಸಿಲದವರೂ ಹೀಗೇ ಕೇಳಿರಬಹುದೇ ಎಂಬ ಯೋಚನೆ ಬಂತು. ಶಾಸನವೇ ಅದನ್ನು ಪುರಾತನ ರೀತಿ ಎನ್ನುತ್ತದೆ. ಯಾರ ಪುರಾತನ ಎಂದು ಹೇಳುವುದಿಲ್ಲ.

ಇಸಿಲ ಎಂಬ ಹೆಸರು ನಮಗೆ ತಿಳಿದಿರುವುದು ಈ ಬಂಡೆಗಳಿಂದ, ಅದೂ ಒಂದು ವಿಚಿತ್ರ ಕಾರಣದಿಂದ. ಶಾಸನ ಹೀಗೆ ಶುರುವಾಗುತ್ತದೆ: ಸುವರ್ಣಗಿರಿಯಿಂದ ಆರ್ಯಪುತ್ರನ (ರಾಜಕುಮಾರನ) ಮತ್ತು ಮಹಾಮಾತ್ರರ (ಹಿರಿಯ ಅಧಿಕಾರಿಗಳ) ಮಾತಿನಂತೆ, ಇಸಿಲದಲ್ಲಿರುವ ಮಹಾಮಾತ್ರರಿಗೆ ಆರೋಗ್ಯ ಕೋರಿ, ಹೀಗೆ ಹೇಳತಕ್ಕದ್ದು. ಎಂದರೆ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಬಂದ ಪತ್ರದ ತಲೆಬರಹ. ಕುಶಲ ಪ್ರಶ್ನೆಯ ಸಮೇತ. ಬಂಡೆಗೆ ಏರಬೇಕಾಗಿದ್ದದ್ದು ಅದರ ಮುಂದಿನ ರಾಜಾಜ್ಞೆ. ಬೇರೆ ಕಡೆಯ ಪ್ರತಿಗಳಲ್ಲಿ ಈ ಭಾಗ ಇಲ್ಲ. ಇಲ್ಲಿ ಮಾತ್ರ ಪತ್ರ ಬಂದ ಹಾಗೆಯೇ, ವಿಳಾಸದಿಂದ ಹಿಡಿದು, ಕಲ್ಲಿಗೆ ಏರಿಬಿಟ್ಟಿದೆ. ಮಿಂಚಂಚೆಯನ್ನು ಮುಂದಕ್ಕೆ ಕಳಿಸುವಾಗ ಮೇಲಿನ 'ಇಂದ', 'ಗೆ', ದಿನಾಂಕ ಎಲ್ಲವನ್ನೂ ಅಳಿಸದೆ ಬಿಟ್ಟಂತೆ. ಜಿಂಕೆಯ ಕಡತದ ಕೆಲವು ಸಾಲು ಅಳಿಸಲು ಮರೆತವನಿಗೆ ಆ ಬಂಡೆಯ ಮುಂದೆ ಕುಳಿತಾಗ ಎಂಥ ನೆಂಟಸ್ತಿಕೆ ಅನ್ನಿಸಿರಬೇಕು ನೋಡಿ. ಯಾರೋ ನಕಲು ಮಾಡುವಾಗ ತುಸು ಕತ್ತರಿಸಿದ್ದರೆ ನನ್ನ ಊರಿನ ಹೆಸರು ಈ ಲೋಕದಲ್ಲಿ ಉಳಿಯುತ್ತಿರಲಿಲ್ಲ.

ಹೆಸರು ಉಳಿಯಿತು ಎಂದು ಖುಷಿಪಡುವಾಗ ಇನ್ನೊಮ್ಮೆ ಓದಿದೆ. ಪತ್ರ ಇಸಿಲದವರಿಗೆ ಬರೆದದ್ದಲ್ಲ. ಇಸಿಲದಲ್ಲಿ ಕುಳಿತ ಅಧಿಕಾರಿಗಳಿಗೆ ಬರೆದದ್ದು.

ಬರೆದವನ ಹೆಸರು ಮಾತ್ರ ಇದೆ. ಕೊನೆಯಲ್ಲಿ 'ಚಪಡೇನ ಲಿಖಿತೇ ಲಿಪಿಕರೇಣ', ಲಿಪಿಕಾರ ಚಪಡ ಬರೆದದ್ದು. ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲೂ ಅವನ ಕೈಯೇ. ಇಡೀ ಶಾಸನ ಬ್ರಾಹ್ಮಿಯಲ್ಲಿದೆ, ಎಡದಿಂದ ಬಲಕ್ಕೆ. ಆ ಕೊನೆಯ ಪದ, 'ಲಿಪಿಕರೇಣ', ಇದ್ದಕ್ಕಿದ್ದಂತೆ ಖರೋಷ್ಠಿಯಲ್ಲಿದೆ, ಬಲದಿಂದ ಎಡಕ್ಕೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ. ಅಶೋಕನ ಶಾಹಬಾಜ್‌ಗಢಿ ಮತ್ತು ಮಾನ್‌ಸೆಹ್ರಾದ ಶಾಸನಗಳು ಅದರಲ್ಲಿವೆ. ಎರಡು ಸಾವಿರ ಕಿಲೋಮೀಟರಿಗೂ ದೂರದ ಸೀಮೆ. ಬೆರಳನ್ನು ಗಾಳಿಯಲ್ಲಿ ಬಲದಿಂದ ಎಡಕ್ಕೆ ಆಡಿಸಿ ನೋಡಿದೆ. ಈ ಗುಡ್ಡದ ಸುತ್ತ ಆ ಪದವನ್ನು ಓದಬಲ್ಲವರು ಎಷ್ಟು ಜನ ಇದ್ದಿರಬಹುದು? ಅವನ ಸಂಗಡ ಬಂದ ಇಬ್ಬರೋ ಮೂವರೋ. ಉಳಿದವರಿಗೆ ಅದು ಗೀರು. ಸೊಕ್ಕಿನಿಂದ ಬರೆದನೋ, ಊರಿನ ನೆನಪಿನಿಂದಲೋ, ಕೆಲಸ ಮುಗಿದ ಹಗುರಿನಲ್ಲೋ. ನನಗಂತೂ ಸೊಕ್ಕು ಎಂದೇ ಅನ್ನಿಸುತ್ತದೆ, ಅದೂ ಮೆಚ್ಚುವಂಥ ಸೊಕ್ಕು. ಸಾಮ್ರಾಟನ ಹದಿಮೂರು ಸಾಲಿನ ಕೊನೆಯಲ್ಲಿ ಗುಮಾಸ್ತನೊಬ್ಬ ತನ್ನ ಕಸುಬಿನ ಹೆಸರನ್ನು ತನಗೆ ಇಷ್ಟವಾದ ಲಿಪಿಯಲ್ಲಿ ಬರೆದುಕೊಳ್ಳುತ್ತಾನೆ!

ಬೀಗ ಹಾಕಿದ ಮೇಲೆ ಹಿರಿಯರು ಹೊಲದ ಬದುವಿನ ಆಚೆಗೆ ಕೈ ತೋರಿಸಿದರು. ಶೇಂಗಾ ಕಿತ್ತ ನೆಲದ ನಡುವೆ ಕಲ್ಲಿನ ವೃತ್ತಗಳು, ಮಣ್ಣಿನಿಂದ ಅರ್ಧ ಹೊರಗೆ ನಿಂತ ಚಪ್ಪಡಿಗಳು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಅಗೆದದ್ದು ಇಂಥವನ್ನೇ. ಕೆಳಗಿನ ಪದರದವರನ್ನು ಅವನು ಕಲ್ಲುಕೊಡಲಿಯ ಸಂಸ್ಕೃತಿ ಎಂದ, ಮೇಲಿನವರನ್ನು ಬೃಹತ್ ಶಿಲಾ ಸಂಸ್ಕೃತಿ ಎಂದ. ಕೊಡಲಿ ಬಿಟ್ಟುಹೋದವರಿಗೆ ಕೊಡಲಿಯ ಹೆಸರು, ಗೋರಿ ಬಿಟ್ಟುಹೋದವರಿಗೆ ಗೋರಿಯ ಹೆಸರು. ನಮ್ಮ ಜನ ಇಂಥ ಗೋರಿಗಳನ್ನು ಕರ್ನಾಟಕದ ಹಲವೆಡೆ ಮೋರೇರ ಮನೆ ಎನ್ನುತ್ತಾರೆ. ಗಂಗಾವತಿಯ ಹತ್ತಿರ ಹಿರೇಬೆಣಕಲ್ಲಿನಲ್ಲಿ ಗುಡ್ಡವೇ ಮೋರೇರ ಗುಡ್ಡ. ಮೋರೇರು ಎಂದರೆ ಗೇಣುದ್ದದ ಕುಳ್ಳರು ಎಂದು ಕೆಲವರು ಹೇಳಿದರೆ, ಮೌರ್ಯರು ಎಂದು ಇನ್ನು ಕೆಲವರು. ಎರಡನೆಯದನ್ನು ನಂಬಿದರೆ, ಮೌರ್ಯರಿಗಿಂತ ಮೊದಲೇ ಇಲ್ಲಿದ್ದವರ ಗೋರಿಗಳ ಮೇಲೂ ಈಗ ಮೌರ್ಯರ ಹೆಸರೇ.

ಖಾಲಿ ಬಿಡಲಾಗದ ಸಾಲುಗಳು

ಊರಿನಿಂದ ಬಂದವನು ಇಸಿಲದವರನ್ನು ಗಾಯಾಳಿಂದ ಬಿಡಿಸಿ ಮೂರನೆಯ ಆಟಗಾರನನ್ನಾಗಿ ಮಾಡಲು ಕುಳಿತೆ. ಇದು ಕೆಲವು ಸಾಲಿನ ಕೆಲಸವಾಗಿರಲಿಲ್ಲ. ನಾಗರಿಕತೆಯೊಂದಕ್ಕೆ ಹೆಸರು ಬೇಕು, ಲಾಂಛನ ಬೇಕು, ಸಂಗೀತ ಬೇಕು, ಕಂಪ್ಯೂಟರ್ ಆಡುವಾಗ ಇಟ್ಟುಕೊಳ್ಳಲು ಅರಸರ ಹೆಸರುಗಳ ಪಟ್ಟಿ ಬೇಕು. ಪ್ರತಿಯೊಂದು ವಸ್ತುವಿಗೂ ಎರಡು ಹೆಸರು: ಒಂದು ಸಾಮಾನ್ಯ ಹೆಸರು, ಇನ್ನೊಂದು ಆ ಜನ ತಮ್ಮ ನುಡಿಯಲ್ಲಿ ಕರೆಯುತ್ತಿದ್ದ ಹೆಸರು. ಈ ಎರಡನೆಯದು 0 ಎ.ಡಿ. ಕಟ್ಟಿದವರ ಹೆಮ್ಮೆ, ಗ್ರೀಕರ ಭರ್ಜಿಯವನಿಗೆ ಗ್ರೀಕ್ ಹೆಸರು, ಮೌರ್ಯರ ಖಡ್ಗದವನಿಗೆ ಸಂಸ್ಕೃತದ ಹೆಸರು. ಇಸಿಲದ ಗುಡಿಸಲಿಗೆ ಏನು ಬರೆಯುವುದು? 'ಮನೆ' ಎಂದು ಬರೆಯಲು ಕೈ ತವಕಿಸಿತು. ಕನ್ನಡದ ಮೊದಲ ಶಾಸನಗಳಲ್ಲೊಂದಾದ ಹಲ್ಮಿಡಿಯದು ಸುಮಾರು 450ರ ಕಾಲದ್ದು, ಅಶೋಕನಿಗಿಂತ ಏಳು ಶತಮಾನ ಈಚೆಗೆ. ಇಸಿಲ ಎಂಬ ಪದವೇ ಕನ್ನಡದ್ದು, ಬಾಣ ಬಿಡು ಎಂಬರ್ಥದ 'ಇಸು' ಎಂಬುದರಿಂದ ಬಂದದ್ದು ಎಂದು ವಾದಿಸಿದ ವಿದ್ವಾಂಸರಿದ್ದಾರೆ. ಓದಿದಾಗ ಮೈ ಜುಂ ಎಂದಿತ್ತು. ಒಂದು ಇಡೀ ವಾರ ಆ ಒಂದೇ ಪದದ ಮೇಲೆ ನನ್ನ ಸೈನಿಕರಿಗೆಲ್ಲ 'ಇಸುವಾಳ್' ಎಂಬಂಥ ಹೆಸರುಗಳನ್ನು ಹೊಸೆದೆ. ಎಂಟನೆಯ ದಿನ ಎಲ್ಲವನ್ನೂ ಅಳಿಸಿದೆ. ಹಳಗನ್ನಡದ ವೇಷ ಹಾಕಿದ ನನ್ನದೇ ಮಾತು ಅದು. ಅವರ ಬಾಯಿಗೆ ತುರುಕುವುದು ಬೇಡ ಎನ್ನಿಸಿತು.

ಖಾಲಿ ಬಿಟ್ಟೆನೇ? ಖಾಲಿ ಬಿಟ್ಟರೆ ಪರದೆಯ ಮೇಲೆ ಅದು ಮರೆವಿನಂತೆ ಕಾಣುತ್ತಿತ್ತು, ನಾನು ಕೆಲಸ ಮುಗಿಸಿಲ್ಲವೇನೋ ಎಂಬಂತೆ. ಹಾಗಾಗಿ ಬೇರೆ ದಾರಿ ಹಿಡಿದೆ. ಈಗಿನ ಜನ ಕರೆಯುವ ಹೆಸರುಗಳನ್ನೇ ಹಾಕಿದೆ. ಗೋರಿಗೆ ಮೋರೇರ ಮನೆ. ಬರೆದ ಬಂಡೆಗೆ ಅಕ್ಷರಗುಂಡು. ಕಾಲಮಾನದ ಲೆಕ್ಕದಲ್ಲಿ ಇದು ಘೋರ ತಪ್ಪು ಎಂದು ನನಗೂ ಗೊತ್ತು. ಆದರೂ ಆ ಹೆಸರುಗಳನ್ನು ಯಾರೂ ಹೊಸೆದಿಲ್ಲ, ಅಲ್ಲಿಯೇ ಬದುಕಿದವರು ಇಟ್ಟದ್ದು. ಅರಸರ ಪಟ್ಟಿಯಲ್ಲಿ ಒಂದೇ ಹೆಸರಿದೆ, 'ಇಸಿಲ'. ಕಂಪ್ಯೂಟರ್ ಎಷ್ಟು ಸಲ ಆಡಿದರೂ ಅರಸನ ಜಾಗದಲ್ಲಿ ಊರು ಬಂದು ಕೂರುತ್ತದೆ.

ನಾಯಕರ ಗೋಜು ಬೇರೆ. ಆಟದ ಮೌರ್ಯರಿಗೆ ಚಂದ್ರಗುಪ್ತ, ಅಶೋಕ, ಚಾಣಕ್ಯ ಎಂದು ಮೂವರು ನಾಯಕರು. ಚಂದ್ರಗುಪ್ತನನ್ನು ಕಂಡಾಗಲೆಲ್ಲ ನನಗೆ ಶ್ರವಣಬೆಳಗೊಳದ ಚಂದ್ರಗಿರಿ ನೆನಪಾಗುತ್ತದೆ. ನಮ್ಮ ಪರಂಪರೆಯಲ್ಲಿ ಅವನು ಭದ್ರಬಾಹುವಿನ ಹಿಂದೆ ಬಂದು ಎಲ್ಲ ಬಿಟ್ಟು ಉಪವಾಸದಿಂದ ದೇಹ ತೊರೆದವನು. ಆಟದ ನಾಯಕನಿಗೆ ಕಾದುವುದು, ಸಾಯುವುದು ಎರಡೇ ದಾರಿ. ಎದ್ದು ಹೊರಡುವ ಗುಂಡಿಯಿಲ್ಲ. ಅದನ್ನು ಬರೆಯಲು ಒಂದು ಭಾನುವಾರ ಹೆಣಗಿ ಕೈಬಿಟ್ಟೆ. ಬದಲಿಗೆ ನಾಲ್ಕನೆಯ ನಾಯಕನಾಗಿ ಚಪಡನನ್ನು ಸೇರಿಸಿದೆ. ಆಯುಧವಿಲ್ಲ, ನಿಧಾನ ನಡಿಗೆ, ಬಂಡೆಯ ಹತ್ತಿರ ಅವನಿದ್ದರೆ ಮೇಲ್ದರ್ಜೆಯ ಬೆಲೆ ಅರ್ಧ. ಅವನ ಮುಖ ಬೇಕಾಯಿತು. ಅಶೋಕನಿಗೆ ಕಲಬುರಗಿ ಜಿಲ್ಲೆಯ ಕನಗನಹಳ್ಳಿಯಲ್ಲಿ ಸಿಕ್ಕ, 'ರಾಯ ಅಸೋಕೋ' ಎಂದು ಬರೆದ ಶಿಲ್ಪವಿದೆ. ಅದೂ ಅವನ ಕಾಲದ ನಂತರದ್ದು. ಲಿಪಿಕಾರನ ಮುಖ ಯಾರು ಕೆತ್ತುತ್ತಾರೆ? ಒಂದು ಬಲಗೈಯನ್ನು ಬಿಡಿಸಿ ಹಾಕಿದೆ. ಪೆತ್ರಾಳಿಗೆ ಅವನನ್ನು ಏನು ಮಾಡಬೇಕೆಂದು ತಿಳಿಯುವುದಿಲ್ಲ. ಹತ್ತು ಆಟ ಆಡಿಸಿ ನೋಡಿದೆ. ಹತ್ತರಲ್ಲೂ ಅವನು ಊರ ಮಧ್ಯದ ಸಭಾಭವನದ ಮುಂದೆ ಕೊನೆಯವರೆಗೂ ನಿಂತೇ ಇದ್ದ.

ಬಣ್ಣದ ಮಾತು ಉಳಿಯಿತು. ಬಿಳಿ ಗಾಯಾಳದು. ನೀಲಿ, ಕೆಂಪು, ಹಸಿರು ಬೇರೆಯವರ ಪಾಲು. ಆ ಗೋರಿಗಳಲ್ಲಿ ಸಿಗುವ ಮಡಕೆಗಳಿಗೆ ಎರಡು ಬಣ್ಣ, ಒಳಗೂ ಕಂಠದ ಸುತ್ತಲೂ ಕಪ್ಪು, ಹೊರಗಿನ ಮೈ ಕೆಂಪು. ಒಂದೇ ಆವಿಗೆಯಲ್ಲಿ ಎರಡನ್ನೂ ಸುಟ್ಟು ತೆಗೆಯುತ್ತಿದ್ದರು. ಆಟ ಒಂದೇ ಬಣ್ಣ ಕೇಳುತ್ತದೆ, ಮೂರು ಸಂಖ್ಯೆಯಲ್ಲಿ. ಕಪ್ಪು ಹಾಕಿದರೆ ರಾತ್ರಿಯ ನಕ್ಷೆಯಲ್ಲಿ ಕಾಣುವುದಿಲ್ಲ. 140, 50, 35 ಎಂದು ಬರೆದೆ, ಮಡಕೆಯ ಹೊರಮೈ. ಆಮೇಲೆ ಮೌರ್ಯರಿಗೂ ಇವರಿಗೂ ಸಂಬಂಧ ಏನು ಎಂದು ಕೇಳಿತು: ಮಿತ್ರ, ಶತ್ರು, ತಟಸ್ಥ. ತಟಸ್ಥ ಎಂದೆ. ಬೇಸಿಗೆ ರಜೆಗೆ ಬಂದ ಹುಡುಗ ಈ ಸಲ ಅವರನ್ನು ನೋಡಿ, "ಓ, ಇವರಿಗೆ ಬಣ್ಣ ಬಂತು" ಎಂದ. ಸವಾರರನ್ನು ಬಿಟ್ಟ. ತಟಸ್ಥರಾದ್ದರಿಂದ ಅವರು ಆಕ್ರಮಣ ಮಾಡದೆ ಸುಮ್ಮನೆ ನಿಂತರು. ಹುಡುಗ ಸಂಬಂಧಗಳ ಪುಟ ತೆರೆದು ಎರಡು ಸಲ ಒತ್ತಿ ತಟಸ್ಥವನ್ನು ಶತ್ರು ಮಾಡಿಕೊಂಡ. ಆದರೆ ಈ ಬಾರಿ ಇಸಿಲದವರು ಬೆದರಿ ಓಡಲಿಲ್ಲ. ಅವರ ಬಿಲ್ಲುಗಾರರು ಗುಡ್ಡದ ಮೇಲಿದ್ದರು. ಅವನ ಮೂರು ಆನೆ ಬಿದ್ದವು. ನಾನು ಅಡುಗೆಮನೆಗೆ ಹೋಗಿ ಅವನಿಗೆ ಕಾಣದಂತೆ ಸ್ವಲ್ಪ ಹೊತ್ತು ನಕ್ಕೆ.

ಮಾಡ್ ಅನ್ನು ಎಲ್ಲರಿಗೂ ಬಿಡುವ ಮೊದಲು ಅದರ ವಿವರದ ಕಡತ ತುಂಬಬೇಕು. ಹೆಸರು, ಆವೃತ್ತಿ, ಯಾವ ಆವೃತ್ತಿಯ ಆಟಕ್ಕೆ ಹೊಂದುತ್ತದೆ, ಒಂದಿಷ್ಟು ವಿವರಣೆ. ಮಾಡಿದವನ ಹೆಸರಿಗೆ ಅದರಲ್ಲಿ ಪ್ರತ್ಯೇಕ ಸಾಲಿಲ್ಲ. ವಿವರಣೆಯ ಕೊನೆಯಲ್ಲಿ ನನ್ನ ಹೆಸರು ಬರೆದು, ಪಕ್ಕದಲ್ಲಿ ಒಂದು ಪದ ಸೇರಿಸಿದೆ. ಖರೋಷ್ಠಿಗೆ 2005ರಿಂದ ಯೂನಿಕೋಡ್‌ನಲ್ಲಿ ಜಾಗವಿದೆ. ಹುಡುಕಿ ಹುಡುಕಿ ಒಂದೊಂದೇ ಅಕ್ಷರ ಕೂರಿಸಿದೆ. ಆಟದ ಅಕ್ಷರಶೈಲಿಯಲ್ಲಿ ಅವು ಇಲ್ಲ, ಹೊಸದನ್ನು ಜೋಡಿಸುವ ಕಷ್ಟವನ್ನು ನಾನು ತೆಗೆದುಕೊಳ್ಳಲೂ ಇಲ್ಲ. ಮೊನ್ನೆ ಹುಡುಗ ಫೋನ್ ಮಾಡಿ, ವಿವರದ ಕೊನೆಯಲ್ಲಿ ಬರಿಯ ಚೌಕಗಳು ಕಾಣುತ್ತಿವೆ, ಏನೋ ಕೆಟ್ಟಿದೆ, ಸರಿಮಾಡು ಎಂದ.

ಬಲದಿಂದ ಎಡಕ್ಕೆ ಓದು ಎಂದೆ.